ನೋಡಲು ಇಪ್ಪತ್ತು ನಿಮಿಷ ಸಾಲದು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಹಿರಿಯರೊಬ್ಬರು ಬರೆದದ್ದನ್ನು ಎರಡು ಸಲ ಓದಿದೆ. ಈಗಿನವರು ಊರು ಸುತ್ತುವುದಕ್ಕೂ ಕಛೇರಿ ಕೇಳುವುದಕ್ಕೂ ಶಿಲ್ಪ ನೋಡುವುದಕ್ಕೂ ಭಕ್ತಿ ಎಂಬ ಹೆಸರಿಡುತ್ತಿದ್ದಾರೆ, ಇವೆಲ್ಲ ಉಳ್ಳವರ ಶೋಕಿ, ಶ್ರದ್ಧೆಗೆ ಜಾಗವಿರುವುದು ಪೂಜೆ ನಡೆಯುವ ಕಡೆ ಮಾತ್ರ ಎಂದು ಅವರು ನೊಂದು ಬರೆದಿದ್ದರು. ಅವರ ನೋವು ನಿಜವಾದದ್ದು ಅನ್ನಿಸಿತು. ನಾಲ್ಕು ವರ್ಷದ ಹಿಂದಾಗಿದ್ದರೆ ನಾನೂ ಹೌದೆಂದು ತಲೆ ಅಲ್ಲಾಡಿಸುತ್ತಿದ್ದೆ. ಈಗ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ಅವರಿಗೂ ನಿಮಗೂ ಹೇಳಬೇಕೆಂದು ಈ ಪತ್ರ.

ನಾನು 34 ವರ್ಷ ಬಟ್ಟೆ ಹೊಲಿದು ಬದುಕಿದವಳು. ರವಿಕೆ, ಲಂಗ, ಶಾಲೆ ಮಕ್ಕಳ ಸಮವಸ್ತ್ರ, ಮದುವೆ ಕಾಲ ಬಂದರೆ ರಾತ್ರಿ ಎರಡು ಗಂಟೆಯವರೆಗೂ ಹೆಮ್ಮಿಂಗು, ಕಾಜ, ಹುಕ್ಕು. ಕೆಲಸ ಕಲಿಸಿದವಳು ಸೋದರತ್ತೆ. ನಾನು ಹೊಲಿದ ಮೊದಲ ರವಿಕೆಯನ್ನು ಕೈಗೆ ಕೊಟ್ಟಾಗ ಅತ್ತೆ ಅದರ ಮುಂಭಾಗ ನೋಡಲೇ ಇಲ್ಲ. ಒಳಹೊರಗು ಮಾಡಿ, ಕಂಕುಳ ಹತ್ತಿರದ ಒಳಹೊಲಿಗೆ ಮೇಲೆ ಬೆರಳಾಡಿಸಿ, 'ಬಿಚ್ಚು' ಎಂದಳು. ಅಲ್ಲಿ ನೂಲು ಸಿಕ್ಕಿಕೊಂಡು ಸಣ್ಣ ಗಂಟಾಗಿತ್ತು. ಅದು ಯಾರಿಗೂ ಕಾಣುವುದಿಲ್ಲವಲ್ಲ ಅತ್ತೆ ಅಂದೆ. 'ತೊಡುವವಳ ಮೈಗೆ ಕಾಣುತ್ತೆ' ಅಂದಳು. ಬಿಚ್ಚಿ ಮತ್ತೆ ಹೊಲಿದೆ. ಅಲ್ಲಿಂದಾಚೆ ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಗನ್ನು ತಿರುಗಿಸಿ ನೋಡುವುದು ನನಗೆ ಅಭ್ಯಾಸವಾಗಿಹೋಯಿತು. ಈ ಮಾತು ಯಾಕೆ ಬಂತೆಂದು ಮುಂದೆ ತಿಳಿಯುತ್ತದೆ.

ನಮ್ಮ ಯಜಮಾನರು ಎಂಟು ತಿಂಗಳು ಹಾಸಿಗೆ ಹಿಡಿದರು. ಆ ಎಂಟು ತಿಂಗಳಲ್ಲಿ ನಾನು ಹೊತ್ತುಕೊಳ್ಳದ ಹರಕೆ ಇಲ್ಲ, ಕೈಮುಗಿಯದ ದೇವರಿಲ್ಲ. ಅವರು ಉಳಿಯಲಿಲ್ಲ. ಆಮೇಲೆ ನನಗೆ ದೇವರ ಹತ್ತಿರ ಮಾತು ನಿಂತುಹೋಯಿತು. ಸಿಟ್ಟು ಮಾಡಿಕೊಂಡೆ ಎಂದರೆ ಸುಳ್ಳಾಗುತ್ತದೆ. ಕೈಮುಗಿದರೆ ಏನನ್ನಾದರೂ ಬೇಡುವುದೊಂದೇ ಗೊತ್ತಿದ್ದ ನನಗೆ ಬೇಡುವುದಕ್ಕೆ ಏನೂ ಉಳಿದಿರಲಿಲ್ಲ, ಅಷ್ಟೇ. ದೇವಸ್ಥಾನದ ಮುಂದೆ ಹಾದುಹೋದರೆ ಯಾರದೋ ಮನೆ ಮುಂದೆ ಹಾದುಹೋದ ಹಾಗಾಗುತ್ತಿತ್ತು. ಹೊಲಿಗೆಯನ್ನೂ ಬಿಟ್ಟೆ. ಮಗಳು ಸುಮ್ಮನೆ ನೋಡುತ್ತಿದ್ದಳು. ಒಂದು ವರ್ಷ ಕಳೆದ ಮೇಲೆ, ನನ್ನನ್ನು ಕೇಳದೆಯೇ ಒಂದು ದಿನದ ಪ್ರವಾಸದ ಬಸ್ಸಿನಲ್ಲಿ ನನ್ನ ಹೆಸರು ಬರೆಸಿ ಕೂರಿಸಿದಳು.

ಒಂದು ದಿನಕ್ಕೆ ಐದು ಜಾಗ. ಪ್ರತಿ ಜಾಗದಲ್ಲೂ ಬಸ್ಸಿಳಿಯುವಾಗ ಒಂದೇ ಕೂಗು: 'ಇಪ್ಪತ್ತು ನಿಮಿಷ, ಫೋಟೊ ತೆಗೆದುಕೊಂಡು ಬಂದುಬಿಡಿ.' ಮೂರನೆಯದು ಸೋಮನಾಥಪುರ. ಎಲ್ಲರೂ ಗುಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಜಗಲಿ ಹತ್ತಿ ಗೋಡೆಯ ಪಕ್ಕ ನಡೆಯುತ್ತಾ ಹೋದೆ, ಮನಸ್ಸು ಎಲ್ಲೋ ಇತ್ತು. ಒಂದು ವಿಗ್ರಹದ ಬಳಿ ಅದೇನೋ ಕಾಲು ನಿಂತಿತು. ಎದೆಯ ಮೇಲೆ ಇಳಿಬಿದ್ದ ಹಾರ. ಅಭ್ಯಾಸಬಲದಿಂದ ಬದಿಗೆ ಸರಿದು, ಬಗ್ಗಿ, ಹಾರದ ಹಿಂದೆ ನೋಡಿದೆ. ಹಾರಕ್ಕೂ ಎದೆಗೂ ನಡುವೆ ಶಿಲ್ಪಿ ಕಲ್ಲನ್ನು ಕೊರೆದು ಜಾಗ ಬಿಡಿಸಿದ್ದ! ಎದುರಿಗೆ ನಿಂತವರಿಗೆ ಬರೀ ಒಂದು ನೆರಳಾಗಿ ಕಾಣುವ ಆ ಜಾಗವನ್ನು ಒಳಗಿನಿಂದಲೂ ನುಣ್ಣಗೆ ಮಾಡಿದ್ದ. ಒಳಹೊಲಿಗೆ! ಅತ್ತೆ ಪಕ್ಕದಲ್ಲೇ ನಿಂತು ಬೆರಳಾಡಿಸಿದ ಹಾಗಾಯಿತು. ಅಷ್ಟರಲ್ಲಿ ಬಸ್ಸಿನ ಹಾರ್ನು. ಉಳಿದ ಎರಡು ಜಾಗ ಯಾವುವು ಎಂದು ಈಗ ಕೇಳಿದರೆ ನನಗೆ ನೆನಪಿಲ್ಲ.

ಮೂರು ವಾರದ ನಂತರ ಒಬ್ಬಳೇ ಹೊರಟೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿದ್ದೆ, ಮಧ್ಯಾಹ್ನದವರೆಗೂ ಇದ್ದೆ.

ಆ ಗುಡಿ ಕಟ್ಟಿದ್ದು 13ನೇ ಶತಮಾನದಲ್ಲಿ, ಹೊಯ್ಸಳ ಮೂರನೇ ನರಸಿಂಹನ ಕಾಲದಲ್ಲಿ, ಸೋಮನಾಥ ಎಂಬ ದಂಡನಾಯಕ ಕಟ್ಟಿಸಿದ್ದು. ಮೂರು ಗರ್ಭಗುಡಿ, ನಕ್ಷತ್ರದ ಆಕಾರದ ಜಗಲಿ. ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಮೇಲೆ ಬಳ್ಳಿ, ಅದರ ಮೇಲೆ ಕಥೆಗಳು, ಮತ್ತೆ ಮಕರ, ಹಂಸ. ಆನೆಗಳನ್ನು ಎಣಿಸಲು ಶುರುಮಾಡಿ ಒಂದು ಮೂಲೆ ತಿರುಗುವಷ್ಟರಲ್ಲಿ ಲೆಕ್ಕ ಬಿಟ್ಟೆ, ಯಾಕೆಂದರೆ ಒಂದೊಂದನ್ನೂ ನೋಡುತ್ತಾ ನಿಲ್ಲುತ್ತಿದ್ದೆ. ಸೊಂಡಿಲು ಒಂದಕ್ಕೆ ಹೀಗೆ, ಇನ್ನೊಂದಕ್ಕೆ ಹಾಗೆ. ನೂರು ಸಮವಸ್ತ್ರ ಹೊಲಿದವಳಿಗೆ ಗೊತ್ತು: ಒಂದೇ ಅಳತೆಯ ಕೆಲಸ ನೂರು ಸಲ ಬಂದಾಗ ಐವತ್ತನೆಯದಕ್ಕೆ ಕೈ ಸೋಲುತ್ತದೆ, ಕಣ್ಣು ತಪ್ಪಿಸುತ್ತದೆ. ಇಲ್ಲಿ ಯಾವ ಮೂಲೆಯಲ್ಲೂ ಕೈ ಸೋತ ಗುರುತು ನನಗೆ ಸಿಗಲಿಲ್ಲ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದಂತೆ. ಕಲ್ಲು ಮೆತ್ತಗಿದ್ದ ಮಾತ್ರಕ್ಕೆ ಇಷ್ಟು ತಾಳ್ಮೆ ಬಂದುಬಿಡುತ್ತದೆಯೇ?

ವಿಗ್ರಹಗಳ ಕೆಳಗೆ ಕೆಲವು ಕಡೆ ಹಳಗನ್ನಡ ಅಕ್ಷರಗಳಲ್ಲಿ ಕೆತ್ತಿದವರ ಹೆಸರುಗಳಿವೆ. ಮಲ್ಲಿತಮ್ಮ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಬಾಲೆಯ, ಚೌಡೆಯ, ಮಸಣಿತಮ್ಮ ಎಂಬವರೂ ಇದ್ದಾರೆ. ನಾನು ಹೊಲಿದ ಸಾವಿರಾರು ರವಿಕೆಗಳಲ್ಲಿ ಎಲ್ಲೂ ನನ್ನ ಹೆಸರಿಲ್ಲ, ಇರಬೇಕೆಂದು ಅನ್ನಿಸಿದ್ದೂ ಇಲ್ಲ. ಆದರೆ ಮಲ್ಲಿತಮ್ಮನ ಹೆಸರು ಕಂಡಾಗ ತುಂಬಾ ಸಂತೋಷವಾಯಿತು. 750 ವರ್ಷದ ಹಿಂದಿನ ಒಬ್ಬ ಕೈಕೆಲಸದವನ ಹೆಸರನ್ನು ಬಾಯಿಬಿಟ್ಟು ಕರೆದೆ. ಅದು ಎಂಥ ಭಾಗ್ಯ!

ಒಳಗೆ ಹೋದರೆ ಮೊದಲು ಕತ್ತಲೆ. ಬಂದವರು ತಲೆಯೆತ್ತಿ, ಏನೂ ಕಾಣದೆ, ಮೊಬೈಲಿನ ಬೆಳಕು ಬಿಟ್ಟು ನೋಡಿ ಹೊರಟುಹೋಗುತ್ತಾರೆ. ನಾನು ಕಂಬದ ಬುಡದಲ್ಲಿ ಕೂತೆ. ಕಾಲು ಗಂಟೆ ಬೇಕಾಯಿತು ಕಣ್ಣು ಹೊಂದಿಕೊಳ್ಳಲು. ಆಮೇಲೆ ಭುವನೇಶ್ವರಿ ಎಂದು ಕರೆಯುವ ಚಾವಣಿಯ ಕೆತ್ತನೆ ತಾನಾಗಿ ಬಿಚ್ಚಿಕೊಳ್ಳತೊಡಗಿತು: ಸುತ್ತಿನೊಳಗೆ ಸುತ್ತು, ಎಸಳಿನೊಳಗೆ ಎಸಳು, ನಡುವೆ ಬಾಳೆಮೊಗ್ಗಿನಂತೆ ಇಳಿಬಿದ್ದ ಕಲ್ಲು. ಒಂದರ ಹಾಗೆ ಇನ್ನೊಂದಿಲ್ಲ. ಕತ್ತು ನೋಯುವವರೆಗೂ ನೋಡಿದೆ. ತೆಂಕಣ ಗುಡಿಯಲ್ಲಿ ವೇಣುಗೋಪಾಲ. ಅವನ ಕೊಳಲಿಗಿಂತ ಕೊಳಲಿಗೆ ಕಿವಿಗೊಟ್ಟು ನಿಂತ ಹಸುಗಳನ್ನೇ ಹೆಚ್ಚು ಹೊತ್ತು ನೋಡಿದೆ ಅನ್ನಿಸುತ್ತದೆ.

ಪತ್ರ ಬರೆದ ಹಿರಿಯರು ದಯವಿಟ್ಟು ಇದನ್ನು ಗಮನಿಸಬೇಕು. ಸೋಮನಾಥಪುರದಲ್ಲಿ ಪೂಜೆ ಇಲ್ಲ. ಮೂಲ ಕೇಶವನ ವಿಗ್ರಹವೇ ಅಲ್ಲಿಲ್ಲ, ಇರುವವು ಮುಕ್ಕಾಗಿವೆ. ಅರ್ಚಕರಿಲ್ಲ, ದೀಪವಿಲ್ಲ, ಗಂಟೆಯಿಲ್ಲ. ಆ ದಿನ ನಾನು ಹೊರಗೆ ಬಂದು ಗಡಿಯಾರ ನೋಡಿದಾಗ ಒಳಗೆ ಕೂತು ಎರಡು ಗಂಟೆಯಾಗಿತ್ತು. ಆ ಎರಡು ಗಂಟೆಯಲ್ಲಿ ನಾನು ಏನನ್ನೂ ಬೇಡಿರಲಿಲ್ಲ. ಅರವತ್ತು ವರ್ಷದ ಬದುಕಿನಲ್ಲಿ ಗುಡಿಯೊಳಗೆ ಬೇಡದೆ ಕೂತದ್ದು ಅದೇ ಮೊದಲು. ಯಾರೂ ನೋಡುವುದಿಲ್ಲ ಎಂದು ತಿಳಿದೂ ಹಾರದ ಹಿಂಬದಿಯನ್ನು ನುಣ್ಣಗೆ ಮಾಡಿದ ಆ ಮನುಷ್ಯ ಯಾರು ನೋಡುತ್ತಾರೆಂದು ನಂಬಿ ಆ ಕೆಲಸ ಮಾಡಿದ? ಅವನ ನಂಬಿಕೆಯ ಪಕ್ಕದಲ್ಲಿ ಎರಡು ಗಂಟೆ ಕೂತು ಬಂದೆ. ಅದರಲ್ಲಿ ಒಂದಿಷ್ಟು ನನಗೂ ತಗುಲಿತು.

ಸಂಗೀತದ ವಿಷಯಕ್ಕೆ ಬರುತ್ತೇನೆ. ನನಗೆ ರಾಗ ತಿಳಿಯುವುದಿಲ್ಲ. ನಮ್ಮ ಬೀದಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಸಂಗೀತದ ಮೇಡಂ ಒಬ್ಬರಿದ್ದಾರೆ. ತಮ್ಮ ತಂಬೂರಿಗೆ ಗವಸು ಹೊಲಿದುಕೊಡಿ ಎಂದು ಕೇಳಿದರು. ಹೊಲಿಗೆ ಬಿಟ್ಟಿದ್ದೇನೆ ಎಂದು ಹೇಳಬೇಕೆಂದಿದ್ದವಳು ಅದೇಕೋ ಟೇಪು ಹಿಡಿದು ಹೋದೆ. ಬುರುಡೆಯ ಸುತ್ತಳತೆ, ದಂಡಿಯ ಉದ್ದ, ಬಿರಡೆಗಳ ಜಾಗ ಎಲ್ಲ ಬರೆದುಕೊಂಡೆ. ಎದ್ದು ಹೊರಡುವಾಗ ಅವರು, 'ನಿಮ್ಮ ಹತ್ತಿರ ಒಳ್ಳೆಯ ಹತ್ತಿ ನೂಲು ಇದೆಯಾ, ನಾಲ್ಕು ಎಳೆ ಬೇಕು' ಅಂದರು. ಚೀಲದಲ್ಲಿ ಉಂಡೆ ಇತ್ತು, ಕೊಟ್ಟೆ. ಬುರುಡೆಯ ಮೇಲೆ ತಂತಿಗಳನ್ನು ಎತ್ತಿಹಿಡಿಯುವ ಸಣ್ಣ ಪಟ್ಟಿಗೆ ಕುದುರೆ ಎನ್ನುತ್ತಾರೆ; ತಂತಿ ಅದರ ಮೇಲೆ ಹಾಯುವ ಕಡೆ, ತಂತಿಯ ಅಡಿಗೆ ಆ ನೂಲನ್ನು ತೂರಿಸಿ, ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಸರಿಸುತ್ತಾ ಮೀಟಿದರು. ಮೊದಲು ಮಂಕಾಗಿದ್ದ ನಾದ ಒಂದು ಜಾಗಕ್ಕೆ ಬಂದೊಡನೆ ಝೇಂ ಎಂದು ಎದ್ದು ನಿಂತಿತು. ಆ ನೂಲಿಗೆ ಜೀವಾಳಿ ಎನ್ನುತ್ತಾರಂತೆ. 34 ವರ್ಷ ಮೂಗಿನ ನೇರಕ್ಕೆ ಹಿಡಿದು ಸೂಜಿಗೆ ಪೋಣಿಸಿದ ನೂಲಿಗೆ ಇಂಥದೊಂದು ಹೆಸರಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

'ಕಣ್ಣು ಮುಚ್ಚಿ ಕೇಳಿ' ಅಂದರು. ಕೇಳಿದೆ. ನಾಲ್ಕು ತಂತಿ. ಒಂದು ಪಂಚಮ, ಉಳಿದ ಮೂರೂ ಷಡ್ಜ, ಕೊನೆಯದು ಮಂದ್ರ, ಅಂದರೆ ತಗ್ಗಿನ ಷಡ್ಜ. 'ಈಗ ಇದು ಕೇಳುತ್ತಿದೆಯಾ' ಎಂದು ಮೆಲ್ಲಗೆ ಒಂದು ಸ್ವರ ಹಾಡಿ ತೋರಿಸಿದರು. ಕೇಳುತ್ತಿತ್ತು, ಮೇಲೆಲ್ಲೋ, ಕೋಣೆಯ ಸೂರಿನ ಹತ್ತಿರ. ಅದು ಗಾಂಧಾರವಂತೆ. ಯಾವ ತಂತಿಯನ್ನೂ ಆ ಸ್ವರಕ್ಕೆ ಕಟ್ಟಿಲ್ಲ, ಯಾರೂ ಅದನ್ನು ಮೀಟುತ್ತಿಲ್ಲ. ಶ್ರುತಿ ಸರಿಯಾಗಿ ಸೇರಿದಾಗ ತಾನಾಗಿ ಹುಟ್ಟುತ್ತದೆ, ಅದಕ್ಕೇ ಸ್ವಯಂಭೂ ಗಾಂಧಾರ ಎನ್ನುವುದು ಎಂದರು. ಮಂದ್ರದ ತಂತಿ ನಡುಗುವಾಗ ಅದರ ನಾದದೊಳಗೇ ಐದು ಪಟ್ಟು ವೇಗದ ಇನ್ನೊಂದು ಕಂಪನವೂ ಸೇರಿರುತ್ತದೆ. ಜೀವಾಳಿ ಅದನ್ನು ಮೇಲೆತ್ತಿ ಕಿವಿಗೆ ಕೇಳಿಸುತ್ತದೆ ಎಂದು ಬಿಡಿಸಿಯೂ ಹೇಳಿದರು. ಕಾರಣ ತಿಳಿದ ಮೇಲೆ ನನ್ನ ಬೆರಗು ಒಂದು ಎಳೆಯೂ ಕಡಿಮೆಯಾಗಲಿಲ್ಲ. ಮೀಟಿದ್ದು ಅವರು, ನೂಲು ನನ್ನದು, ಸ್ವರ ಇಬ್ಬರದೂ ಅಲ್ಲ.

ಗವಸನ್ನು ಎರಡು ದಿನದಲ್ಲಿ ಹೊಲಿದುಕೊಟ್ಟೆ. ಒಳಗೆ ಮೆತ್ತನೆಯ ಅಸ್ತರಿ, ಹೊಲಿಗೆಯ ಅಂಚು ಎಲ್ಲೂ ಮರಕ್ಕೆ ತಾಗದ ಹಾಗೆ ಮಡಿಸಿದ್ದೆ. ಯಜಮಾನರು ಹೋದ ಮೇಲೆ ನಾನು ಮಿಷನ್ನಿನ ಮುಂದೆ ಕೂತದ್ದು ಅಂದೇ. ಈಗ ವಾರಕ್ಕೊಂದು ಸಂಜೆ ಅವರ ಮನೆಗೆ ಹೋಗಿ, ಪಾಠಕ್ಕೆ ಮುಂಚೆ ಶ್ರುತಿ ಸೇರಿಸುವ ಹತ್ತು ನಿಮಿಷ ಮೂಲೆಯಲ್ಲಿ ಕೂರುತ್ತೇನೆ. ಹಾಡು ಶುರುವಾದ ಮೇಲೆ ಮನೆಗೆ ಬರುತ್ತೇನೆ. ನನಗೆ ಅಷ್ಟು ಸಾಕಾಗುತ್ತದೆ.

ಶ್ರವಣಬೆಳಗೊಳಕ್ಕೂ ಹೋದೆ. ದೊಡ್ಡಬೆಟ್ಟದ ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು, ನನ್ನ ಮಂಡಿ. ನಾಲ್ಕು ಕಡೆ ಕೂತು ಹತ್ತಿದೆ. ಚಾವುಂಡರಾಯ ಮಾಡಿಸಿದ ಆ ಮೂರ್ತಿಗೆ ಸಾವಿರ ವರ್ಷ ದಾಟಿದೆ, ಎತ್ತರ ಸುಮಾರು 58 ಅಡಿ ಎಂಬುದು ಶಾಲೆಯಲ್ಲಿ ಓದಿದ್ದೇ. ಎದುರು ನಿಂತಾಗ ಆ ಅಂಕಿಗಳು ಒಂದೂ ತಲೆಗೆ ಬರಲಿಲ್ಲ. ಬಟ್ಟೆ ಹೊಲಿದು ಬದುಕಿದವಳು ನಾನು. ಮನುಷ್ಯರ ಮೈಯನ್ನು ಅಳತೆಯಾಗಿ ನೋಡುವುದು ನನ್ನ ಕಣ್ಣಿಗೆ ಅಂಟಿಹೋಗಿದೆ: ಭುಜ ಇಷ್ಟು, ಎದೆ ಇಷ್ಟು, ಎಲ್ಲಿ ಸಡಿಲ ಬಿಡಬೇಕು, ಯಾವ ಕೊರತೆಯನ್ನು ಹೇಗೆ ಮುಚ್ಚಬೇಕು. ಇಲ್ಲಿ ಮುಚ್ಚಬೇಕಾದ್ದು ಏನೂ ಇರಲಿಲ್ಲ. ಕಾಲಿಗೂ ತೋಳಿಗೂ ಹಬ್ಬಿದ ಬಳ್ಳಿ, ಬುಡದಲ್ಲಿ ಹುತ್ತ, ಅರೆತೆರೆದ ಕಣ್ಣು. ಮೊದಲ ಬಾರಿಗೆ ನನ್ನ ಕಣ್ಣು ಅಳೆಯುವುದನ್ನು ನಿಲ್ಲಿಸಿತು.

ಅಲ್ಲೇ ಬೊಪ್ಪಣ ಪಂಡಿತನೆಂಬ ಕವಿಯ 12ನೇ ಶತಮಾನದ ಶಾಸನಪದ್ಯವಿದೆ. ಮೂರ್ತಿ ಬಹಳ ಎತ್ತರವಾದರೆ ಅದರಲ್ಲಿ ಚೆಲುವು ಇರುವುದಿಲ್ಲ, ಎತ್ತರವೂ ಚೆಲುವೂ ಸೇರಿದರೆ ಅತಿಶಯ ಇರುವುದಿಲ್ಲ, ಗೊಮ್ಮಟನಲ್ಲಿ ಮೂರೂ ಒಂದಾಗಿವೆ ಎಂಬುದು ಅದರ ತಾತ್ಪರ್ಯ. ಇದನ್ನು ನನಗೆ ಹೇಳಿದ್ದು ಬೆಟ್ಟದ ಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಹಿರಿಯರ ಪತ್ರ ಓದಿದಾಗ ನನಗೆ ತಟ್ಟನೆ ನೆನಪಾದದ್ದು ಈ ಪದ್ಯವೇ. ಅಂದಿನ ಕವಿ ಚೆಲುವನ್ನೂ ಮಹಿಮೆಯನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಲಿಲ್ಲ. ನಾವು ಯಾಕೆ ಕೂರಿಸಬೇಕು?

ಗುಡಿ ಬೆಟ್ಟ ಯಾವುದೂ ಇಲ್ಲದ ಒಂದು ಜಾಗದ ಮಾತನ್ನೂ ಹೇಳಿಬಿಡುತ್ತೇನೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಮನೆಗಳ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಬಂದು ಗೂಡು ಕಟ್ಟುತ್ತವೆ. ಕೆಳಗೆ ಜನ ತಮ್ಮ ಪಾಡಿಗೆ ತಾವು ದನ ಕಟ್ಟುತ್ತಿರುತ್ತಾರೆ, ಪಾತ್ರೆ ತೊಳೆಯುತ್ತಿರುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಎಂಬುದು ಆ ಊರಿನವರ ಭಾವನೆ. ಒಂದು ಮರದ ಕೆಳಗೆ ನಿಂತು ತಾಯಿ ಹಕ್ಕಿ ರೆಕ್ಕೆ ಬಿಡಿಸಿ ಮರಿಗಳಿಗೆ ನೆರಳು ಹಿಡಿದದ್ದನ್ನು ನೋಡಿದೆ. ಬಿಸಿಲು ಸರಿದ ಹಾಗೆಲ್ಲ ಅದೂ ಸರಿದು ನಿಲ್ಲುತ್ತಿತ್ತು. ಆಸ್ಪತ್ರೆಯಲ್ಲಿ ಕಿಟಕಿಯ ಬಿಸಿಲು ಯಜಮಾನರ ಮುಖಕ್ಕೆ ಬೀಳದ ಹಾಗೆ ನಾನೂ ಕುರ್ಚಿ ಸರಿಸಿಕೊಂಡು ಕೂರುತ್ತಿದ್ದೆ. ಅಲ್ಲಿ ಅತ್ತುಬಿಟ್ಟೆ. ಅತ್ತು ಹಗುರಾದೆ.

ಉಳ್ಳವರ ಶೋಕಿ ಎಂಬ ಮಾತಿಗೆ ಉತ್ತರ ಕೊಡಲೇಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಾನು ಕೆಂಪು ಬಸ್ಸಿನಲ್ಲಿ ಶೂನ್ಯ ದರದ ಚೀಟಿ ಹಿಡಿದೇ ಇವೆಲ್ಲ ನೋಡಿದ್ದು. ಹಳೆಯ ಬಸ್ಸು, ನೂಕುನುಗ್ಗಲು, ಎರಡು ಕಡೆ ಬದಲಾವಣೆ, ಎಲ್ಲವೂ ಇದೆ. ಆದರೆ ಪಕ್ಕದ ಸೀಟಿನಲ್ಲಿ ನನ್ನಂಥವರೇ ಇರುತ್ತಾರೆ. ಬದುಕಿನಲ್ಲಿ ಮೊದಲ ಸಲ ಒಬ್ಬಳೇ ಊರು ಬಿಟ್ಟು ಹೊರಟಿದ್ದೇನೆ ಎಂದು ಒಬ್ಬಾಕೆ ನನ್ನ ಕೈ ಹಿಡಿದು ಹೇಳಿದಳು. ಎಪ್ಪತ್ತರ ಹತ್ತಿರದವಳು. ಎಲ್ಲಿಗೆ ಎಂದರೆ, 'ಹೊಳೆ ನೋಡ್ಕೊಂಡು ಬರಾಕೆ' ಅಂದಳು. ಬೇರೆ ಯಾವ ಕೆಲಸವೂ ಇರಲಿಲ್ಲ ಅವಳಿಗೆ. ಹೊಳೆ ನೋಡುವುದಕ್ಕೆ ಬೆಳಿಗ್ಗೆ ಎದ್ದು, ಮಿಂದು, ಒಳ್ಳೆಯ ಸೀರೆ ಉಟ್ಟು ಹೊರಟಿದ್ದಳು. ಅದನ್ನು ಮನರಂಜನೆ ಎಂದು ಕರೆಯಲು ನನಗೆ ನಾಲಿಗೆ ಬರುವುದಿಲ್ಲ.

ಸಂಪಾದಕರೇ, ನಿಮ್ಮ ಹತ್ತಿರ ಒಂದು ಕೋರಿಕೆ. ನಿಮ್ಮ ವಾರದ ಪ್ರವಾಸದ ಪುಟದಲ್ಲಿ ಎಷ್ಟು ಕಿಲೋಮೀಟರು, ಎಲ್ಲಿ ತಂಗಬಹುದು, ಎಲ್ಲಿ ನಿಂತರೆ ಫೋಟೊ ಚೆನ್ನಾಗಿ ಬರುತ್ತದೆ ಎಂದು ತಪ್ಪದೆ ಬರೆಯುತ್ತೀರಿ. ಜತೆಗೆ ಎರಡು ಸಾಲು ಸೇರಿಸಿ: ಆ ಜಾಗದಲ್ಲಿ ಬೆಳಕು ಯಾವ ಹೊತ್ತಿಗೆ ಯಾವ ಗೋಡೆಯ ಮೇಲೆ ಬೀಳುತ್ತದೆ, ವಯಸ್ಸಾದವರು ಎಲ್ಲಿ ಕೂತು ನೋಡಬಹುದು. ಸೋಮನಾಥಪುರದ ಮೂಡಣ ಗೋಡೆಯನ್ನು ಬೆಳಿಗ್ಗೆಯೇ ನೋಡಬೇಕು, ಓರೆ ಬಿಸಿಲಿನಲ್ಲಿ ಒಂದೊಂದು ಮಣಿಗೂ ಅದರದೇ ನೆರಳು ಬರುತ್ತದೆ, ನಡುಮಧ್ಯಾಹ್ನ ಎಲ್ಲ ಚಪ್ಪಟೆಯಾಗಿಬಿಡುತ್ತದೆ ಎಂದು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಪ್ರವಾಸ ಕರೆದೊಯ್ಯುವವರಲ್ಲೂ ಕೇಳಿಕೊಳ್ಳುತ್ತೇನೆ: ಐದು ಜಾಗ ಬೇಡ, ಎರಡು ಸಾಕು. ಜನ ಬೈಯುವುದಿಲ್ಲ. ಬೈದರೂ ಎರಡು ಗಂಟೆ ಕೂರಿಸಿ ನೋಡಿ, ವಾಪಸ್ ಬರುವಾಗ ಬಸ್ಸಿನಲ್ಲಿ ಹಾಡು ಹಾಕಿ ಎಂದು ಯಾರೂ ಕೇಳಲಿಕ್ಕಿಲ್ಲ.

ಬರುವ ತಿಂಗಳು ಬೇಲೂರಿಗೆ ಹೊರಟಿದ್ದೇನೆ. ಮದನಿಕೆಯರನ್ನು ನೋಡುವುದು ಬಾಕಿ ಇದೆ. ಅವರ ಬಟ್ಟೆಯ ನೆರಿಗೆಗಳ ಬಗ್ಗೆ ಮೇಷ್ಟ್ರು ಹೇಳಿದ್ದು ಕೇಳಿ ಕೈ ಕಡಿಯುತ್ತಿದೆ. ಅಲ್ಲಿ ಪೂಜೆ ಇದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇವತ್ತಿಗೂ ಮಂಗಳಾರತಿ ನಡೆಯುತ್ತದೆ. ನಾಲ್ಕು ವರ್ಷದ ಮೇಲೆ ಮಂಗಳಾರತಿಯ ಹೊತ್ತಿಗೆ ಒಳಗೆ ನಿಲ್ಲಬೇಕು ಎಂದು ಮನಸ್ಸಾಗಿದೆ. ಮೊದಲು ಹೊರಗೋಡೆ ಸುತ್ತಿ ಆಮೇಲೆ ಒಳಗೆ ಹೋಗುವುದೋ, ಒಳಗೆ ಹೋಗಿ ಬಂದು ಬಿಸಿಲು ಇಳಿದ ಮೇಲೆ ಗೋಡೆ ನೋಡುವುದೋ, ಇನ್ನೂ ತೀರ್ಮಾನ ಮಾಡಿಲ್ಲ.

ಇಂತಿ,
ನಿಮ್ಮ ಬಹುಕಾಲದ ಓದುಗಾರ್ತಿ
(ಹೊಲಿಗೆಯ ಕೆಲಸದವಳು)